ಕೊನೆಯ ಬೆಂಚಿನಲ್ಲಿ ಒಬ್ಬರು ಕೂಡಬೇಕು

ಕಬ್ಬಿನ ಹಂಗಾಮು ಭರದಿಂದ ಸಾಗಿದ್ದ ದಿನಗಳವು. ದಿಗ್ಗೇವಾಡಿಯಲ್ಲಿ ಆ ಹೊತ್ತಿಗೆ ಹಗಲು ಯಾವುದು ರಾತ್ರಿ ಯಾವುದು ಎಂಬ ಭೇದವೇ ಉಳಿದಿರುವುದಿಲ್ಲ. ಎರಡೆರಡು ಟ್ರೇಲರ್ ಜೋಡಿಸಿಕೊಂಡ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಕಾರ್ಖಾನೆಯ ಕಡೆಗೆ ಹೋಗುತ್ತಲೇ ಇರುತ್ತವೆ. ಅಂಥ ಒಂದು ರವಿವಾರ ಸಂಜೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಹತ್ತು ವರ್ಷದ ಹಿಂದೆ ನನ್ನ ಹತ್ತನೆಯ ತರಗತಿಯಲ್ಲಿ ಮುಂದಿನ ಬೆಂಚಿನಲ್ಲಿ ಕುಳಿತು ಪ್ರಶ್ನೆಗಳ ಮಳೆ ಸುರಿಸುತ್ತಿದ್ದ ಹುಡುಗಿ. ತಂದೆ ಇಂಥದೇ ಒಂದು ಟ್ರ್ಯಾಕ್ಟರಿನ ಡ್ರೈವರ್. ಆ ಓಣಿಯಲ್ಲಿ ಭೌತಶಾಸ್ತ್ರದಲ್ಲಿ ಎಂಎಸ್ಸಿ ಮಾಡಿದವರು ಅವಳಿಗಿಂತ ಮೊದಲು ಯಾರೂ ಇರಲಿಲ್ಲ. ಈಗ ಒಂದು ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ.

ಪೇಢೆ ತಂದಿರಬಹುದೆಂದು ನಾನು ಅಂದುಕೊಂಡೆ. ಅವಳು ತಂದದ್ದು ಕಣ್ಣೀರು.

"ಸರ, ಪಾಠ ಮಾಡತೀನಿ ಖರೆ, ಯಾರಿಗೂ ತಿಳಿಯೂದಿಲ್ಲರಿ. ತಿಳೀತೇನು ಅಂತ ಕೇಳಿದ್ರ ಎಲ್ಲಾರೂ ಹೂಂ ಅಂತಾರ. ಟೆಸ್ಟ್ ಕೊಟ್ರ ಹಾಳಿ ಖಾಲಿ. ನಾ ಈ ಕೆಲಸ ಬಿಡತೀನಿ ಸರ" ಎಂದಳು.

"ಕೂಡ ತಂಗಿ, ಮೊದಲ ಚಹಾ ಕುಡಿ" ಎಂದೆ. ಚಹಾದ ಜೊತೆ ನಮ್ಮ ಮನೆಯವರು ಚುರುಮುರಿ ತಂದಿಟ್ಟರು. ಅವಳು ತಿನ್ನಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವಳಾಡಿದ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ: "ಎಂಎಸ್ಸಿ ಮುಗಿಸೀನಿ, ಕೆಸೆಟ್ ಪಾಸಾಗೀನಿ. ಆದರ ಕಲಸೂದು ಹೆಂಗ ಅಂತ ನನಗ ಯಾರೂ ಕಲಿಸಿಲ್ಲರಿ."

ನಾನು ನಿರುತ್ತರನಾದೆ. ಅವಳ ಮಾತು ಅಕ್ಷರಶಃ ನಿಜವಾಗಿತ್ತು.

ನಮ್ಮ ವ್ಯವಸ್ಥೆಯ ಒಂದು ವಿಚಿತ್ರವನ್ನು ನೋಡಿ. ಒಂದನೆಯ ತರಗತಿಯ ಮಗುವಿಗೆ ಅ ಆ ಇ ಈ ಕಲಿಸಬೇಕಾದರೆ ಶಿಕ್ಷಕ ತರಬೇತಿಯಾಗಿರಬೇಕು. ನನ್ನಂತೆ ಪ್ರೌಢಶಾಲೆಯಲ್ಲಿ ಕಲಿಸಲು ಬಿಎಡ್ ಬೇಕೇ ಬೇಕು. ಪದವಿ ಕಾಲೇಜಿನಲ್ಲಿ, ವಿಶ್ವವಿದ್ಯಾಲಯದಲ್ಲಿ ಕಲಿಸುವವರಿಗೆ ಮಾತ್ರ ಇಂಥ ತರಬೇತಿಯ ಷರತ್ತಿಲ್ಲ. ಸ್ನಾತಕೋತ್ತರ ಪದವಿಯಲ್ಲಿ ಒಳ್ಳೆಯ ಅಂಕ, ಜೊತೆಗೆ ನೆಟ್ ಅಥವಾ ಸೆಟ್, ಇಲ್ಲವೇ ಪಿಎಚ್‌ಡಿ ಇದ್ದರೆ ಸಾಕು. ನೆಟ್ ಮತ್ತು ಸೆಟ್ಟಿನ ಮೊದಲನೆಯ ಪತ್ರಿಕೆಯಲ್ಲಿ ಬೋಧನೆಯ ಬಗ್ಗೆ ಕೆಲವು ಪ್ರಶ್ನೆಗಳಿರುತ್ತವೆ, ನಿಜ. ಆದರೆ ನಾಲ್ಕು ಉತ್ತರಗಳಲ್ಲಿ ಸರಿಯಾದುದನ್ನು ಗುರುತಿಸಿದವನಿಗೆ ಕೃಷ್ಣಾ ನದಿಯಲ್ಲಿ ಈಜು ಬರುತ್ತದೆಯೇ? ಕಲಿತವನಿಗಿಂತ ನುರಿತವನೇ ಮೇಲು ಎಂದು ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅವಳನ್ನು ಬಸ್ಸಿಗೆ ಕಳಿಸಿ ಬಂದ ಮೇಲೆ ನನಗೆ ನನ್ನ ಕಾಲೇಜಿನ ದಿನಗಳು ನೆನಪಾದವು. ಎಂಬತ್ತರ ದಶಕದ ಕೊನೆ. ಆಗ ನಮ್ಮ ಭಾಗದ ಕಾಲೇಜುಗಳೆಲ್ಲ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ್ದವು. (ಬೆಳಗಾವಿಯ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ಹುಟ್ಟಿದ್ದು 2010ರಲ್ಲಿ.) ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನಾನೂ ನನ್ನ ಗೆಳೆಯನೂ ಒಂದೇ ಸೈಕಲ್ಲಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆವು. ಗಣಿತದಲ್ಲಿ ಅವನು ನನಗಿಂತ ಎರಡು ಗೇಣು ಮುಂದೆ. ನಮಗೆ ಭೌತಶಾಸ್ತ್ರ ಹೇಳುತ್ತಿದ್ದ ಗುರುಗಳು ದೊಡ್ಡ ವಿದ್ವಾಂಸರು, ಸಜ್ಜನರು. ಆದರೆ ಅವರ ಪಾಠವೆಂದರೆ ಹಳದಿಗಟ್ಟಿದ ಒಂದು ನೋಟುಬುಕ್ಕು. ಅದನ್ನು ಅವರು ಇಂಗ್ಲಿಷಿನಲ್ಲಿ ಓದಬೇಕು, ನಾವು ಬರೆದುಕೊಳ್ಳಬೇಕು. ಗಂಟೆ ಬಾರಿಸಿದರೆ ವಾಕ್ಯ ಅರ್ಧಕ್ಕೇ ನಿಲ್ಲುತ್ತಿತ್ತು. ಮರುದಿನ ಅಲ್ಲಿಂದಲೇ ಮುಂದುವರಿಯುತ್ತಿತ್ತು.

ನಾನು ಗಟ್ಟು ಹೊಡೆದು ಪಾಸಾದೆ. ತಿಳಿಯದುದನ್ನು ಗಟ್ಟು ಹೊಡೆಯುವುದು ಗೆಳೆಯನಿಗೆ ಸಾಧ್ಯವಾಗಲಿಲ್ಲ. ಮೊದಲನೆಯ ವರ್ಷವೇ ನಪಾಸಾದ. "ನನ್ನ ತಲೀನ ಸಣ್ಣದು ಮಾರಾಯಾ" ಎಂದು ಹೇಳಿ ಹೊಲಕ್ಕೆ ಮರಳಿದ. ಅವನ ತಂದೆಯೂ ಹಾಗೆಯೇ ನಂಬಿದರು, ಊರೂ ನಂಬಿತು. ಇಂದು ಹೊಲದ ಹನಿ ನೀರಾವರಿಯ ಲೆಕ್ಕವನ್ನು ಕಾಗದವಿಲ್ಲದೆ ಹಾಕುವ ಆ ಮನುಷ್ಯನ ತಲೆ ಸಣ್ಣದೆಂದು ನಾನು ಎಂದೂ ಒಪ್ಪಿಲ್ಲ. ಆದರೂ ಮೂವತ್ತೈದು ವರ್ಷಗಳಿಂದ ಅವನು ಹಾಗೆಂದೇ ತಿಳಿದುಕೊಂಡಿದ್ದಾನೆ. ಒಬ್ಬ ಒಳ್ಳೆಯ ವಿದ್ವಾಂಸರಿಗೆ ಕಲಿಸುವ ವಿದ್ಯೆಯನ್ನು ಯಾರೂ ಹೇಳಿಕೊಡದೇ ಹೋದದ್ದರ ಬೆಲೆಯನ್ನು ತೆತ್ತವನು ನನ್ನ ಗೆಳೆಯ.

ಸರ್ಕಾರ ಈ ಬಗ್ಗೆ ಯೋಚಿಸಿಯೇ ಇಲ್ಲವೆಂದರೆ ತಪ್ಪಾಗುತ್ತದೆ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ, 1987ರಲ್ಲಿ, ವಿಶ್ವವಿದ್ಯಾಲಯ ಅನುದಾನ ಆಯೋಗವು ದೇಶದ ಹಲವು ವಿಶ್ವವಿದ್ಯಾಲಯಗಳಲ್ಲಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಕಾಲೇಜು ಮೇಷ್ಟ್ರುಗಳಿಗೇ ಒಂದು ಕಾಲೇಜು! ನಮ್ಮ ರಾಜ್ಯದಲ್ಲಿ ಬೆಂಗಳೂರು, ಮೈಸೂರು, ಧಾರವಾಡಗಳಲ್ಲಿ ಇಂಥ ಕೇಂದ್ರಗಳು ಬಂದವು. ಹೊಸದಾಗಿ ಸೇರಿದವರಿಗೆ ನಾಲ್ಕು ವಾರಗಳ ಓರಿಯಂಟೇಷನ್, ಅನುಭವಿಗಳಿಗೆ ಮೂರು ವಾರಗಳ ರಿಫ್ರೆಶರ್. 2015ರಲ್ಲಿ ಇವುಗಳ ಹೆಸರು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರವೆಂದಾಯಿತು. 2023ರಲ್ಲಿ ಮತ್ತೆ ಬದಲಾಗಿ ಮಾಳವೀಯ ಮಿಷನ್ ಶಿಕ್ಷಕ ತರಬೇತಿ ಕೇಂದ್ರವೆಂದಾಗಿದೆ. ಈಗ ಹಲವು ತರಬೇತಿಗಳು ಆನ್‌ಲೈನಿನಲ್ಲಿಯೇ ನಡೆಯುತ್ತವೆ.

ಈ ತರಬೇತಿಗಳಿಂದ ನಿಜವಾಗಿ ಪ್ರಯೋಜನ ಪಡೆದವರನ್ನು ನಾನು ಬಲ್ಲೆ. ಪಡೆಯದವರನ್ನೂ ಬಲ್ಲೆ. ಪರಿಚಯದ ಉಪನ್ಯಾಸಕರೊಬ್ಬರು ಒಮ್ಮೆ ಎಲ್ಲಿಯೋ ರಿಫ್ರೆಶರ್ ಮುಗಿಸಿ ಬಂದಿದ್ದರು. "ಹೆಂಗಾತ್ರಿ ಸರ?" ಎಂದು ಕೇಳಿದೆ. "ಊಟ ಚಲೋ ಇತ್ತರಿ ಮಾಸ್ತರ" ಎಂದರು. ಮೂರು ವಾರ ದಿನಕ್ಕೆ ನಾಲ್ಕು ಭಾಷಣಗಳಂತೆ. ಭಾಷಣ ಕೇಳಿಸಿಯೇ ಭಾಷಣ ಬಿಡುವುದನ್ನು ಕಲಿಸಲು ಹೊರಟರೆ ಹೀಗಾಗದೆ ಇನ್ನೇನಾದೀತು! ಪ್ರಮಾಣಪತ್ರ ಬಡ್ತಿಗೆ ಬೇಕಾಗಿತ್ತು, ಸಿಕ್ಕಿತು. ಪಾಠ ಇದ್ದಂತೆಯೇ ಉಳಿಯಿತು.

ಇನ್ನು ನನ್ನ ಶಿಷ್ಯೆಯಂಥವರ ಪಾಡು ಬೇರೆ. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲಿ ಸಾವಿರಾರು ಅತಿಥಿ ಉಪನ್ಯಾಸಕರು ಕಲಿಸುತ್ತಿದ್ದಾರೆ. ಅವರಿಗೆ ಬಡ್ತಿಯೇ ಇಲ್ಲದ ಮೇಲೆ ಬಡ್ತಿಗಾಗಿ ತರಬೇತಿ ಎಲ್ಲಿಂದ ಬರಬೇಕು? ಮುಂದಿನ ವರ್ಷ ಕೆಲಸ ಇರುವುದೋ ಇಲ್ಲವೋ ಎಂಬ ಚಿಂತೆಯಲ್ಲಿರುವವರನ್ನು ಮೂರು ವಾರ ಕಳಿಸುವವರು ಯಾರು? ಪಠ್ಯಕ್ರಮದ ಬಗ್ಗೆ ಮಾತ್ರ ನಮ್ಮಲ್ಲಿ ಭಾರೀ ಚರ್ಚೆ ನಡೆಯುತ್ತದೆ. ನಾಲ್ಕು ವರ್ಷದ ಪದವಿ 2021ರಲ್ಲಿ ಬಂತು, 2024ರಲ್ಲಿ ಮತ್ತೆ ಮೂರು ವರ್ಷಕ್ಕೆ ಬಂದೆವು. ಏನು ಕಲಿಸಬೇಕೆಂಬುದು ಹೀಗೆ ಎರಡು ಸಲ ಬದಲಾಯಿತು. ಹೇಗೆ ಕಲಿಸಬೇಕೆಂಬ ಮಾತು ಬಂದದ್ದು ಕಡಿಮೆ.

ಇದು ನಮ್ಮ ದೇಶದ ಸಮಸ್ಯೆ ಮಾತ್ರವಲ್ಲ ಎಂಬುದೇ ಒಂದು ಸಮಾಧಾನ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಎರಿಕ್ ಮಜೂರ್ ಎಂಬ ಭೌತಶಾಸ್ತ್ರದ ಪ್ರಾಧ್ಯಾಪಕರಿದ್ದಾರೆ. ತಾವು ಬಹಳ ಚೆನ್ನಾಗಿ ಕಲಿಸುತ್ತೇವೆಂದು ಅವರೂ ನಂಬಿದ್ದರು. ವಿದ್ಯಾರ್ಥಿಗಳೂ ಹಾಗೆಯೇ ಹೇಳುತ್ತಿದ್ದರು. ಅರಿಜೋನಾದ ಹಲೌನ್ ಮತ್ತು ಹೆಸ್ಟೀನ್ಸ್ ಎಂಬಿಬ್ಬರು 1985ರಲ್ಲಿ ಒಂದು ವಿಷಯವನ್ನು ತೋರಿಸಿಕೊಟ್ಟಿದ್ದರು. ಕಾಲೇಜಿನಲ್ಲಿ ಭೌತಶಾಸ್ತ್ರ ಓದಿ ಮುಗಿಸಿದವರ ತಲೆಯಲ್ಲಿ ಬಲ, ಚಲನೆಗಳ ಬಗ್ಗೆ ಮೊದಲಿನ ತಪ್ಪು ಕಲ್ಪನೆಗಳೇ ಉಳಿದಿರುತ್ತವೆ ಎಂಬುದೇ ಅದು. ಹಾರ್ವರ್ಡಿನ ಮಕ್ಕಳಿಗೆ ಹೀಗಾಗಲಾರದೆಂದು ಮಜೂರ್ ಅದೇ ಬಗೆಯ ಸರಳ ಪ್ರಶ್ನೆಗಳನ್ನು ಕೊಟ್ಟರು. ಆಗ ಒಬ್ಬ ವಿದ್ಯಾರ್ಥಿನಿ ಎದ್ದು, ಇವಕ್ಕೆ ನೀವು ಕಲಿಸಿದಂತೆ ಉತ್ತರಿಸಬೇಕೋ, ನಾನು ನಿತ್ಯ ಯೋಚಿಸುವಂತೆ ಉತ್ತರಿಸಬೇಕೋ ಎಂದು ಕೇಳಿದಳಂತೆ! ಕಲಿಸಿದ್ದು ಬೇರೆ, ಕಲಿತದ್ದು ಬೇರೆ ಎಂದು ಮಜೂರ್‌ಗೆ ಅಂದು ಮನದಟ್ಟಾಯಿತು.

ಅಂದಿನಿಂದ ಅವರು ಭಾಷಣವನ್ನು ಕಡಿಮೆ ಮಾಡಿದರು. ಸ್ವಲ್ಪ ಹೇಳಿ ಒಂದು ಪ್ರಶ್ನೆ ಹಾಕುವುದು, ಪ್ರತಿಯೊಬ್ಬರೂ ತಾವೇ ಯೋಚಿಸಿ ಉತ್ತರ ಆರಿಸುವುದು, ಆಮೇಲೆ ಪಕ್ಕದವರೊಡನೆ ವಾದಿಸುವುದು, ಮತ್ತೊಮ್ಮೆ ಉತ್ತರ ಹೇಳುವುದು, ಕೊನೆಗೆ ಗುರುಗಳ ವಿವರಣೆ. ಈ ಪದ್ಧತಿಯ ಬಗ್ಗೆ ಅವರು ಬರೆದ ಪುಸ್ತಕ 1997ರಲ್ಲಿ ಬಂತು.

2001ರಲ್ಲಿ ಭೌತಶಾಸ್ತ್ರಕ್ಕೆ ನೊಬೆಲ್ ಪಡೆದವರಲ್ಲಿ ಒಬ್ಬರಾದ ಕಾರ್ಲ್ ವೀಮನ್ ಕೂಡ ಇದೇ ಹಾದಿ ಹಿಡಿದರು. 2006ರಲ್ಲಿ ಅಮೆರಿಕದ ಕೊಲೊರಾಡೋದಲ್ಲಿಯೂ ಮರುವರ್ಷ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿಯೂ ವಿಜ್ಞಾನ ವಿಭಾಗಗಳ ಅಧ್ಯಾಪಕರಿಗೆ ಅವರವರ ವಿಭಾಗದಲ್ಲಿಯೇ ನೆರವು ಸಿಗುವ ಯೋಜನೆಯನ್ನು ಆರಂಭಿಸಿದರು. ಅಲ್ಲಿ ನಡೆದು 2011ರಲ್ಲಿ ಪ್ರಕಟವಾದ ಒಂದು ಪ್ರಯೋಗ ಪ್ರಸಿದ್ಧವಾಗಿದೆ. ಸುಮಾರು 270 ವಿದ್ಯಾರ್ಥಿಗಳ ಎರಡು ತರಗತಿಗಳು. ಒಂದರಲ್ಲಿ ಒಳ್ಳೆಯ ಹೆಸರಿದ್ದ ಅನುಭವಿ ಪ್ರಾಧ್ಯಾಪಕರ ಉಪನ್ಯಾಸ. ಇನ್ನೊಂದರಲ್ಲಿ ಹೆಚ್ಚಿನ ಅನುಭವವಿಲ್ಲದ, ಆದರೆ ಕಲಿಸುವ ಹೊಸ ಕ್ರಮದಲ್ಲಿ ತರಬೇತಿ ಪಡೆದ ಕಿರಿಯರು. ವಾರದ ಬಳಿಕ ಒಂದೇ ಪರೀಕ್ಷೆ. ಮೊದಲ ತರಗತಿಯ ಸರಾಸರಿ ನೂರಕ್ಕೆ 41, ಎರಡನೆಯದರದು 74. ಅನುಭವ ದೊಡ್ಡದು, ನಿಜ. ಆದರೆ ತರಬೇತಿಯಿಲ್ಲದ ಅನುಭವಕ್ಕೂ ಒಂದು ಮಿತಿಯಿದೆ ಎಂಬುದನ್ನು ನನ್ನಂಥ ಹಿರಿಯರು ಒಪ್ಪಿಕೊಳ್ಳಬೇಕು.

ನನ್ನಲ್ಲಿದ್ದುದು ನೊಬೆಲ್ ಅಲ್ಲ, ಒಂದು ಬಿಎಡ್ ಅಷ್ಟೇ. ತೊಂಬತ್ತರ ದಶಕದ ಆರಂಭದಲ್ಲಿ ಮಾಡಿದ್ದು. ಅಲ್ಲಿ ನಮಗೆ ಸೂಕ್ಷ್ಮ ಬೋಧನೆ ಎಂದು ಮಾಡಿಸುತ್ತಿದ್ದರು. 1963ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಪದ್ಧತಿ ಅದು. ಐದಾರು ನಿಮಿಷದ ಪಾಠ. ಗಮನವಿಡುವುದು ಒಂದೇ ಕೌಶಲದ ಮೇಲೆ: ಪ್ರಶ್ನೆ ಕೇಳುವುದು, ಇಲ್ಲವೇ ಕರಿಹಲಗೆಯ ಬಳಕೆ, ಇಲ್ಲವೇ ಉದಾಹರಣೆ ಕೊಡುವುದು. ಗೆಳೆಯರು ತಪ್ಪು ಹೇಳಬೇಕು, ಮತ್ತೆ ಅದೇ ಪಾಠ ಮಾಡಬೇಕು. ನಾವು ನಗುತ್ತಲೇ ಮಾಡಿದ್ದೆವು. ಶಾಲೆಯಲ್ಲಿ ನಾನು ಮಾಡಿದ ಮೊದಲ ಅಭ್ಯಾಸ ಪಾಠ ಆರ್ಕಿಮಿಡೀಸನ ತತ್ವ. ಕೊನೆಯ ಬೆಂಚಿನಲ್ಲಿ ಕುಳಿತಿದ್ದ ನಮ್ಮ ಗುರುಗಳು ಪಾಠದ ವಹಿಯಲ್ಲಿ ಎರಡೇ ಸಾಲು ಬರೆದಿದ್ದರು: ನೀವು ಚೆನ್ನಾಗಿ ಮಾತನಾಡಿದಿರಿ, ಮಕ್ಕಳು ಒಂದು ಮಾತೂ ಆಡಲಿಲ್ಲ. ಅಂದು ಬಹಳ ಸಿಟ್ಟು ಬಂದಿತ್ತು. ಇಂದು ನೋಡಿದರೆ ನನ್ನ ವೃತ್ತಿಗೆ ದೊರೆತ ಅತಿ ದೊಡ್ಡ ಸಹಾಯ ಅದೇ.

ಮುಂದಿನ ರವಿವಾರ ಶಿಷ್ಯೆಯನ್ನು ನಮ್ಮ ಶಾಲೆಯ ಪ್ರಯೋಗಶಾಲೆಗೆ ಬರಹೇಳಿದೆ. ಖಡು ಕೈಗೆ ಕೊಟ್ಟು, "ಹತ್ತು ನಿಮಿಷ ನ್ಯೂಟನ್ನನ ಮೂರನೆಯ ನಿಯಮ ಕಲಿಸು, ನಾ ನಿನ್ನ ವಿದ್ಯಾರ್ಥಿ" ಎಂದು ಕೊನೆಯ ಬೆಂಚಿನಲ್ಲಿ ಗಡಿಯಾರ ಹಿಡಿದು ಕುಳಿತೆ. ಪಾಠ ಸ್ವಚ್ಛವಾಗಿತ್ತು, ತಪ್ಪಿರಲಿಲ್ಲ. ಹತ್ತು ನಿಮಿಷದಲ್ಲಿ ಏಳು ಪ್ರಶ್ನೆ ಕೇಳಿದಳು. ಏಳಕ್ಕೂ ತಾನೇ ಉತ್ತರ ಹೇಳಿದಳು. ಪ್ರಶ್ನೆಗೂ ಅವಳ ಉತ್ತರಕ್ಕೂ ನಡುವೆ ಒಂದು ಸೆಕೆಂಡಿಗಿಂತ ಹೆಚ್ಚಿನ ಸಮಯ ಹೋಗಲಿಲ್ಲ.

ಮೇರಿ ಬಡ್ ರೋ ಎಂಬ ಅಮೆರಿಕದ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಮಾಡಿ ಇದನ್ನೇ ಅಳೆದಿದ್ದರು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಾರಂತೆ. ಅದನ್ನು ಮೂರು ಸೆಕೆಂಡಿಗೆ ಹೆಚ್ಚಿಸಿದರೆ ಮಕ್ಕಳ ಉತ್ತರಗಳು ಉದ್ದವಾಗುತ್ತವೆ, ಗೊತ್ತಿಲ್ಲವೆನ್ನುವುದು ಕಡಿಮೆಯಾಗುತ್ತದೆ, ಮಂದ ಎನಿಸಿಕೊಂಡವರೂ ಬಾಯಿ ಬಿಡುತ್ತಾರೆ. ಖರ್ಚಿಲ್ಲದ ಸುಧಾರಣೆ! ಇದನ್ನು ಅವಳಿಗೆ ಹೇಳಿದೆ. ಜಾಣೆಯಲ್ಲವೇ, "ಸರ, ನೀವ ಎಷ್ಟ ಕಾಯತೀರಿ?" ಎಂದು ನಕ್ಕಳು. "ಬಂದು ನೋಡು" ಎಂದೆ ಜಂಬದಿಂದ.

ಅವಳು ನಿಜವಾಗಿಯೂ ಬಂದಳು. ರಜೆಯ ದಿನ ನೋಡಿಕೊಂಡು ಮುಖ್ಯೋಪಾಧ್ಯಾಯರ ಅನುಮತಿ ಪಡೆದು ನನ್ನ ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತಳು. ಗಂಟೆಯ ಬಳಿಕ ಒಂದು ಚೀಟಿ ಕೊಟ್ಟಳು. ಪ್ರಶ್ನೆಗಳು ಹದಿನಾಲ್ಕು. ನಾನು ಮೂರು ಸೆಕೆಂಡು ಕಾದದ್ದು ಎರಡು ಸಲ. ಉತ್ತರ ಹೇಳಿದ ಮಕ್ಕಳು ನಾಲ್ವರು, ನಾಲ್ವರೂ ಮುಂದಿನ ಎರಡು ಬೆಂಚಿನವರು.

ಓದುಗರೇ, ನನ್ನ ಮುಖ ಸಣ್ಣದಾಯಿತು. ಮೂವತ್ತು ವರ್ಷಗಳ ಸೇವೆಯಲ್ಲಿ ಬಂದ ಅಧಿಕಾರಿಗಳು ಹಾಜರಿ ಪುಸ್ತಕ ನೋಡಿದ್ದಾರೆ, ಫಲಿತಾಂಶದ ಪಟ್ಟಿ ಕೇಳಿದ್ದಾರೆ. ನನ್ನ ಪಾಠವನ್ನು ಪೂರ್ತಿ ಕೇಳಿ ಹೀಗೆ ಒಂದು ಚೀಟಿ ಕೊಟ್ಟವರು ಬಿಎಡ್ಡಿನ ಆ ಗುರುಗಳ ನಂತರ ಇವಳೊಬ್ಬಳೇ. ಆ ಗುರುಗಳು ಅಂದು ಬರೆದ ಮಾತನ್ನು ಕಲಿತೇ ಬಿಟ್ಟಿದ್ದೇನೆಂದು ನಾನು ಭಾವಿಸಿದ್ದೆ. ಮರೆತೇ ಬಿಟ್ಟಿದ್ದೆ. ಕಲಿಸುವ ವಿದ್ಯೆ ಒಮ್ಮೆ ಕಲಿತರೆ ಮುಗಿಯುವುದಲ್ಲ, ಕುಡುಗೋಲಿನಂತೆ ಮೇಲಿಂದ ಮೇಲೆ ಮಸೆಯಬೇಕು.

ಆ ಬಳಿಕ ನಾವಿಬ್ಬರೂ ಸೇರಿ ಅವಳ ತರಗತಿಗಾಗಿ ಒಂದು ಪ್ರಶ್ನೆ ತಯಾರಿಸಿದೆವು. ಕಬ್ಬು ತುಂಬಿದ ಟ್ರ್ಯಾಕ್ಟರಿಗೂ ಒಂದು ಮೋಟರ್ ಸೈಕಲ್ಲಿಗೂ ಡಿಕ್ಕಿಯಾದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ? ಪಠ್ಯಪುಸ್ತಕದ ವಾಕ್ಯ ಎಲ್ಲರಿಗೂ ಬಾಯಿಪಾಠ: ಕ್ರಿಯೆ ಮತ್ತು ಪ್ರತಿಕ್ರಿಯೆ ಸಮ. ಅವಳು ಪ್ರಶ್ನೆ ಹಾಕಿ, ಮನಸ್ಸಿನಲ್ಲೇ ಎಣಿಸುತ್ತ ಕಾದಳು. ಕೈ ಎತ್ತಿಸಿದಾಗ ಹೆಚ್ಚುಕಡಿಮೆ ಇಡೀ ತರಗತಿ ಟ್ರ್ಯಾಕ್ಟರಿನ ಪಕ್ಷ. "ಈಗ ಬಾಜೂದವರ ಜೋಡಿ ಮಾತಾಡ್ರಿ, ಕನ್ನಡದಾಗ ಮಾತಾಡಿದ್ರೂ ನಡೀತದ" ಎಂದಳಂತೆ. ತರಗತಿ ಸಂತೆಯಾಯಿತು. ಪಕ್ಕದ ಕೋಣೆಯ ಹಿರಿಯ ಉಪನ್ಯಾಸಕರು ಏನು ಗಲಾಟೆ ಎಂದು ಬಾಗಿಲಲ್ಲಿ ಬಂದು ನಿಂತರು.

ಆಗ, ಆ ವರ್ಷವೆಲ್ಲ ಬಾಯಿ ತೆರೆಯದ ಒಬ್ಬ ಹುಡುಗ ಎದ್ದು ನಿಂತು, "ಮೇಡಂ, ಟ್ರ್ಯಾಕ್ಟರಿಗೆ ಏನೂ ಆಗೂದಿಲ್ಲ, ಗಾಡಿ ನುಚ್ಚನೂರ ಆಗತೈತಿ. ಹಂಗಂದ ಮ್ಯಾಲೆ ಬಲ ಸಮಾ ಹೆಂಗ?" ಎಂದ.

ಅದೇ ಪ್ರಶ್ನೆ! ಆ ಪ್ರಶ್ನೆ ಹುಟ್ಟಿದಲ್ಲಿಯೇ ಭೌತಶಾಸ್ತ್ರ ಹುಟ್ಟಿತು. ಬಲ ಸಮವೇ. ಆದರೆ ಗಾಡಿ ಮತ್ತು ಸವಾರ ಸೇರಿ 200 ಕಿಲೋ, ಟ್ರ್ಯಾಕ್ಟರ್ ಮತ್ತು ಕಬ್ಬು ಸೇರಿ 20 ಟನ್ ಎಂದು ಹಿಡಿಯಿರಿ. ದ್ರವ್ಯರಾಶಿ ನೂರು ಪಟ್ಟು. ಹಾಗಾಗಿ ಅದೇ ಬಲಕ್ಕೆ ಟ್ರ್ಯಾಕ್ಟರಿನ ವೇಗದಲ್ಲಾಗುವ ಬದಲಾವಣೆ ಗಾಡಿಯದರ ನೂರರಲ್ಲಿ ಒಂದು ಪಾಲು. ಬಲ ಬೇರೆ, ಬಲದ ಪರಿಣಾಮ ಬೇರೆ. ಇದನ್ನು ಅವಳು ಹಲಗೆಯ ಮೇಲೆ ಬರೆದಾಗ ಮೊದಲ ಬಾರಿ ಮಕ್ಕಳು ಹೂಂ ಎನ್ನಲಿಲ್ಲವಂತೆ. "ಓಹೋ" ಎಂದರಂತೆ. ರಾತ್ರಿ ಫೋನು ಮಾಡಿ ಅವಳು ಇದನ್ನು ಹೇಳುವಾಗ ಹಿಂದಿನಿಂದ ಅವಳ ತಂದೆಯ ಧ್ವನಿ ಕೇಳಿಸಿತು: "ಟ್ರ್ಯಾಕ್ಟರ್ ಹಳೇದಿದ್ರ ಬಂಪರ್ ಹೋಗತೈತಿ ಅಂತ ಹೇಳು ಮಾಸ್ತರಗ."

ಇದರಿಂದ ಎಲ್ಲವೂ ಸರಿಹೋಯಿತೆಂದು ನಾನು ಹೇಳಲಾರೆ. ಪೋರ್ಷನ್ ಎರಡು ವಾರ ಹಿಂದೆ ಬಿತ್ತು. ಸಹೋದ್ಯೋಗಿಗಳಲ್ಲಿ ಕೆಲವರು, ಇದೇನು ಕನ್ನಡ ಸಾಲಿಯೇ ಎಂದು ಚೇಷ್ಟೆ ಮಾಡಿದರು. ಆ ಸೆಮಿಸ್ಟರಿನಲ್ಲಿಯೂ ಕೆಲವರು ನಪಾಸಾದರು. ಆದರೆ ಬಾಗಿಲಲ್ಲಿ ನಿಂತಿದ್ದ ಆ ಹಿರಿಯರು ಮರುವಾರ ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕುಳಿತರು. ಅದರ ಮುಂದಿನ ವಾರ ಇವಳನ್ನು ತಮ್ಮ ತರಗತಿಗೆ ಕರೆದರು. ಈಗ ಅವರಿಬ್ಬರೂ ತಿಂಗಳಿಗೆ ಎರಡು ಸಲ ಹೀಗೆ ಕೂಡುತ್ತಾರೆ. ನನ್ನ ಶಿಷ್ಯೆ ಕೆಲಸ ಬಿಡುವ ಮಾತು ಮತ್ತೆ ಆಡಿಲ್ಲ.

ದೊಡ್ಡ ಕೇಂದ್ರಗಳು ಬೇಕು, ತರಬೇತಿಗೆ ಹಣ ಬೇಕು, ಅತಿಥಿ ಉಪನ್ಯಾಸಕರನ್ನೂ ಅಲ್ಲಿಗೆ ಸಂಬಳಸಹಿತ ಕಳಿಸಬೇಕು. ಇವೆಲ್ಲ ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಮಾಡಬೇಕಾದ ಕೆಲಸ. ಆದರೆ ಒಬ್ಬ ಅಧ್ಯಾಪಕನ ಪಾಠವನ್ನು ಇನ್ನೊಬ್ಬ ಅಧ್ಯಾಪಕ ಸ್ನೇಹದಿಂದ ಕೇಳಿ, ಕಂಡದ್ದನ್ನು ಕಂಡಂತೆ ಹೇಳುವುದಕ್ಕೆ ಯಾವ ಆದೇಶವೂ ಬೇಕಾಗಿಲ್ಲ. ಬೇಕಾಗಿರುವುದು ಸ್ವಲ್ಪ ಧೈರ್ಯ ಮತ್ತು ಕೇಳಿಸಿಕೊಳ್ಳುವ ಮನಸ್ಸು.

ತಂದೆ ತಾಯಂದಿರಿಗೆ ನನ್ನದೊಂದು ಮಾತು. ಮಕ್ಕಳನ್ನು ಕಾಲೇಜಿಗೆ ಸೇರಿಸುವಾಗ ಕಟ್ಟಡ ನೋಡುತ್ತೀರಿ, ಬಸ್ಸಿದೆಯೇ, ಫಲಿತಾಂಶ ಎಷ್ಟು ಎಂದು ವಿಚಾರಿಸುತ್ತೀರಿ. ಇನ್ನು ಮುಂದೆ ಇದನ್ನೂ ಕೇಳಿ: ನಿಮ್ಮ ಉಪನ್ಯಾಸಕರಿಗೆ ಕಲಿಸುವುದರಲ್ಲಿ ನೆರವಾಗಲು ನೀವೇನು ಮಾಡುತ್ತೀರಿ? ಮಗ ಅಥವಾ ಮಗಳು ಮೊದಲ ಸೆಮಿಸ್ಟರಿನಲ್ಲಿ ಎಡವಿದರೆ, ತಲೆ ಸಣ್ಣದೆಂಬ ತೀರ್ಪನ್ನು ಅವಸರದಲ್ಲಿ ಕೊಡಬೇಡಿ. ವಿದ್ಯಾರ್ಥಿಗಳಿಗೂ ಒಂದು ಮಾತು. ತಿಳಿಯದಾಗ ಹೂಂ ಅನ್ನಬೇಡಿ. ನಿಮ್ಮ ಸುಳ್ಳು ಹೂಂ ಒಬ್ಬ ಎಳೆಯ ಉಪನ್ಯಾಸಕಿಯನ್ನು ಕೆಲಸ ಬಿಡುವ ಹಂತಕ್ಕೆ ತಂದಿತ್ತು.

ನನ್ನ ನಿವೃತ್ತಿಗೆ ಇನ್ನು ನಾಲ್ಕು ವರ್ಷಗಳಿವೆ. ಆ ಚೀಟಿಯನ್ನು ಪಾಠದ ವಹಿಯಲ್ಲಿ ಇಟ್ಟುಕೊಂಡಿದ್ದೇನೆ. ಪ್ರಶ್ನೆ ಕೇಳಿದ ಮೇಲೆ ಈಗ ಮನಸ್ಸಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತೇನೆ. ಮೂರು ಸೆಕೆಂಡು ಎಷ್ಟು ದೀರ್ಘವೆಂಬುದು ಎಣಿಸಿದವರಿಗೇ ಗೊತ್ತು. ಕಳೆದ ವಾರ ಕೊನೆಯ ಬೆಂಚಿನಿಂದ ಒಂದು ಕೈ ಮೇಲೆ ಬಂತು. ಉತ್ತರ ತಪ್ಪಾಗಿತ್ತು. ಆದರೂ ನನಗೆ ನನ್ನ ಸೈಕಲ್ಲಿನ ಗೆಳೆಯ ನೆನಪಾದ. "ಯಾಕ ಹಂಗಂತಿ ತಮ್ಮಾ, ಹೇಳು ನೋಡೂಣು" ಎಂದು ಹೇಳಿ, ಖಡು ಕೆಳಗಿಟ್ಟು ಕೇಳುತ್ತ ನಿಂತೆ.